ಬ್ರ್ಯಾಕೆಟ್ಟಿನೊಳಗಿನ ಕಾಡುಗೋಡಿ

ನೇರಳೆ ಮೆಟ್ರೋದ ಕೊನೇ ಸ್ಟೇಷನ್ನಿನ ಬೋರ್ಡು ನೋಡಿದ್ದೀರಲ್ಲ? ದೊಡ್ಡದಾಗಿ ವೈಟ್‌ಫೀಲ್ಡ್, ಪಕ್ಕದಲ್ಲಿ ಬ್ರ್ಯಾಕೆಟ್ ಹಾಕಿ ಕಾಡುಗೋಡಿ. 2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ಅಲ್ಲೀತನಕ ರೈಲು ಶುರುವಾದಾಗಿನಿಂದ ನಮ್ಮಂಥ ಐಡಿ ಕಾರ್ಡಿನ ಜನ ದಿನಾ ಆ ಬ್ರ್ಯಾಕೆಟ್ ದಾಟಿಕೊಂಡೇ ಆಫೀಸಿಗೆ ಹೋಗ್ತೀವಿ. ಬೋರ್ಡು ಬರೆಸಿದವರಿಗೆ ಕೆಟ್ಟ ಉದ್ದೇಶ ಏನೂ ಇರಲಿಕ್ಕಿಲ್ಲ. ಜನಕ್ಕೆ ಯಾವ ಹೆಸರು ಗೊತ್ತೋ ಅದನ್ನು ಹೊರಗಿಟ್ಟರು, ಊರಿನವರಿಗೆ ಬೇಜಾರಾಗಬಾರದು ಅಂತ ಇನ್ನೊಂದನ್ನು ಒಳಗಿಟ್ಟರು. ಆದರೆ ವೈಟ್‌ಫೀಲ್ಡಿನ ಇತಿಹಾಸ ಬರೆಯೋರೂ ಇದನ್ನೇ ಮಾಡ್ತಾರೆ ಅನ್ನೋದು ನನ್ನ ತಕರಾರು. 1882ರಲ್ಲಿ ಹುಟ್ಟಿದ ಊರು ಹೊರಗೆ. ಅದಕ್ಕೂ ನೂರಾರು ವರ್ಷ ಮೊದಲಿಂದ ಅಲ್ಲಿ ಉಳುತ್ತಾ, ಕೆರೆ ಕಟ್ಟುತ್ತಾ ಇದ್ದ ಊರುಗಳು ಬ್ರ್ಯಾಕೆಟ್ಟಿನೊಳಗೆ.

ಪರಂಪರೆ ನಡಿಗೆ, ಒಂದೂವರೆ ನಿಮಿಷದ ರೀಲು, ದಪ್ಪ ಕಾಗದದ ಕಾಫಿ ಟೇಬಲ್ ಪುಸ್ತಕ, ಭಾನುವಾರದ ಪುರವಣಿ ಲೇಖನ. ಮಾಧ್ಯಮ ಯಾವುದೇ ಇರಲಿ, ವೈಟ್‌ಫೀಲ್ಡಿನ ಕಥೆಗೆ ಒಂದು ಸಿದ್ಧ ಮಾದರಿ ಇದೆ. ಮೊದಲು ಬರಡು ಭೂಮಿ. ಆಮೇಲೆ ಕನಸು ಹೊತ್ತ ಒಬ್ಬ ಗಡ್ಡದ ಸಾಹೇಬ. ಆಮೇಲೆ ಮೊದಲ ಚರ್ಚು, ಮೊದಲ ಇನ್ನು, ಮೊದಲ ಬಂಗಲೆ. ನಡುವೆ ಒಂದು ಪ್ರೇಮಕಥೆ. ಕೊನೆಗೆ, ಅಯ್ಯೋ ಎಲ್ಲ ಹೋಗಿ ಗಾಜಿನ ಕಟ್ಟಡ ಬಂದ್ವು ಅನ್ನೋ ನಿಟ್ಟುಸಿರು. ನಾನು ಇಂಥವನ್ನು ಬೇಕಾದಷ್ಟು ಓದಿದ್ದೇನೆ, ಎರಡು ನಡಿಗೆಗೂ ದುಡ್ಡು ಕೊಟ್ಟು ಹೋಗಿದ್ದೇನೆ. ಬೆಲ್ಲದ ಚಹಾ ಚೆನ್ನಾಗಿತ್ತು. ಕಥೆ ಎರಡೂ ಸಲ ಅದೇ ಇತ್ತು.

ನಡೆದದ್ದು ಇಷ್ಟು. 1881ರಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷರ ಕೈಯಿಂದ ಒಡೆಯರಿಗೆ ವಾಪಸ್ ಬಂತು. ಮರುವರ್ಷ ಚಾಮರಾಜೇಂದ್ರ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಹಾಗೂ ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಬೇಸಾಯದ ವಸಾಹತು ಕಟ್ಟಿಕೊಳ್ಳಿ ಅಂತ. ಅದರ ಹಿಂದೆ ಓಡಾಡಿದವರು ಡಿ. ಎಸ್. ವೈಟ್ ಅನ್ನೋರು. ಅವರ ಹೆಸರಿಂದಲೇ ವೈಟ್‌ಫೀಲ್ಡ್. ಬಿಳಿಯರ ಹೊಲ ಅಂತ ಅರ್ಥ ಮಾಡಿಕೊಂಡಿರೋ ಸಹೋದ್ಯೋಗಿಗಳು ನನಗಿದ್ದಾರೆ, ಅವರನ್ನು ಬಯ್ಯುವ ಹಾಗಿಲ್ಲ, ಕಥೆ ಹೇಳೋ ಧಾಟಿಯೇ ಹಾಗಿದೆ. ನಡುವೆ ದುಂಡಗಿನ ಊರು, ಅದರ ಸುತ್ತ ಹಂಚಿಕೊಟ್ಟ ಜಮೀನು, ಅನ್ನೋ ನಕ್ಷೆ. ಇವತ್ತೂ ಇನ್ನರ್ ಸರ್ಕಲ್ ಅಂತ ಕರೀತೀವಲ್ಲ, ಆ ನಕ್ಷೆಯ ಉಳಿಕೆ ಅದು.

ಈ ಸಂಘದವರು ಯಾರು ಅನ್ನೋದು ನನಗೆ ನಿಜಕ್ಕೂ ಆಸಕ್ತಿಯ ವಿಷಯ, ಆದರೆ ರೀಲಿನಲ್ಲಿ ಅದಕ್ಕೆ ಮೂರು ಸೆಕೆಂಡು ಸಿಗುತ್ತೆ. ಯುರೇಷಿಯನ್ನರು ಅಂದ್ರೆ ಆಗಿನ ಲೆಕ್ಕದಲ್ಲಿ ಎರಡೂ ಕಡೆ ಸಲ್ಲದವರು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಭಾರತೀಯ ತಾಯಿಯ ಮಕ್ಕಳನ್ನು ತನ್ನ ಮೇಲಿನ ನೌಕರಿಗಳಿಂದ ಹೊರಗಿಟ್ಟಿತು. 1795ರಲ್ಲಿ ಸೈನ್ಯದಲ್ಲಿ ತುತ್ತೂರಿ, ನಗಾರಿ ಬಾರಿಸೋ ಥರದ ಕೆಲಸ ಬಿಟ್ಟು ಬೇರೆಯದು ಇಲ್ಲ ಅಂದಿತು. ಸಾಹೇಬರ ಕ್ಲಬ್ಬಿಗೆ ಸೇರಿಸಲ್ಲ, ಊರಿನ ಜಾತಿಗೂ ಸೇರಿಸಲ್ಲ. ರೈಲು, ತಂತಿ ಕಚೇರಿಗಳಲ್ಲಿ ಸಿಕ್ಕ ಕೆಲಸ ಹಿಡಿದು ಬದುಕಿದ ಜನ. ಅವರಿಗೆ ‘ನಮ್ಮದು ಅನ್ನೋ ಒಂದು ನೆಲ’ ಬೇಕು ಅನ್ನಿಸಿದ್ದರಲ್ಲಿ ತಪ್ಪೇನಿದೆ? ಅರ್ಧ ಶತಮಾನದ ನಂತರ, 1933ರಲ್ಲಿ, ಇದೇ ಆಸೆಯಿಂದ ಇವತ್ತಿನ ಜಾರ್ಖಂಡಿನಲ್ಲಿ ಮೆಕ್ಲಸ್ಕಿಗಂಜ್ ಶುರುವಾಯಿತು. ಅದೂ ಮಕ್ಕಳು ವಿದೇಶಕ್ಕೆ ಹೋಗಿ, ಮುದುಕರು ಉಳಿದ ಊರಾಯಿತು. ವೈಟ್‌ಫೀಲ್ಡಿನಲ್ಲೂ ಬೇಸಾಯದ ಕನಸು ಅಂದುಕೊಂಡ ಹಾಗೆ ಏಳಲಿಲ್ಲ. ಪಿಂಚಣಿದಾರರ ತಂಪು ಊರಾಗಿ ನೂರು ವರ್ಷ ಮಲಗಿತ್ತು.

ಗುಮಾಸ್ತಗಿರಿ ಮಾಡಿದ ಒಂದು ಜನ ನೇಗಿಲು ಹಿಡೀತೀವಿ ಅಂತ ಹೊರಟರಲ್ಲ, ಆಮೇಲೆ ನೇಗಿಲು ನಿಜವಾಗಿ ಹಿಡಿದವರು ಯಾರು? ಬಾವಿ ತೋಡಿದವರು ಯಾರು? ಅಡುಗೆಮನೆಯಲ್ಲಿ ಯಾವ ಭಾಷೆ ಆಡ್ತಿದ್ರು? ನನಗೆ ಬೇಕಾದ ಕಥೆ ಅದು. ಸಿಗೋದು ಚರ್ಚಿಲ್.

ಹೌದು, ಚರ್ಚಿಲ್. 1896ರಲ್ಲಿ ಹುಸಾರ್ ದಂಡಿನ ಜೊತೆ ಬೆಂಗಳೂರಿಗೆ ಬಂದ ಹುಡುಗ. ವೈಟ್‌ಫೀಲ್ಡಿನ ಇನ್ನಿನ ಮಾಲೀಕನ ಮಗಳನ್ನು ನೋಡೋಕೆ ಕುದುರೆ ಏರಿ ಬರ್ತಿದ್ದನಂತೆ. ಈ ‘ಅಂತೆ’ಗೆ ಆಧಾರ ಏನೂ ಇಲ್ಲ. ಬೆಂಗಳೂರು ಕ್ಲಬ್ಬಿನಲ್ಲಿ ಅವನು 13 ರೂಪಾಯಿ ಬಾಕಿ ಇಟ್ಟು ಹೋದದ್ದಕ್ಕೆ ಲೆಕ್ಕದ ಪುಸ್ತಕವಿದೆ, ಪ್ರೇಮಕ್ಕೆ ಇಲ್ಲ. ಆದರೂ ಪ್ರತಿ ಬರಹದಲ್ಲೂ ಆ ಹುಡುಗಿ ಬಾಗಿಲಲ್ಲಿ ನಿಂತೇ ಇರ್ತಾಳೆ. ಯಾಕಂದ್ರೆ ಊರೊಂದು ನೆನಪಿಡೋಕೆ ಯೋಗ್ಯ ಅಂತ ಸಾಬೀತು ಮಾಡೋಕೆ ಹೊರಗಿನ ದೊಡ್ಡ ಹೆಸರು ಬೇಕು ನಮಗೆ. ಆ ಇನ್ನಿನಲ್ಲಿ ನೀರು ಕಾಯಿಸಿದವನ ಹೆಸರು ಯಾರಿಗೂ ಬೇಡ.

ಇನ್ನು ‘ಬರಡು ಭೂಮಿ’ ವಿಚಾರ. ಕಾಡುಗೋಡಿಯ ಒಂದು ತಮಿಳು ಶಾಸನ 1043ನೇ ಇಸವಿಯದ್ದು, ರಾಜೇಂದ್ರ ಚೋಳನ ಕಾಲದ್ದು. ಪಟ್ಟಂದೂರಿನಲ್ಲಿ ಒಬ್ಬ ಅಧಿಕಾರಿ ಕೆರೆ ಕಟ್ಟಿಸಿ, ತೂಬು ಇಡಿಸಿ, ದುರ್ಗೆ, ಕ್ಷೇತ್ರಪಾಲ, ಗಣಪತಿಯನ್ನು ನಿಲ್ಲಿಸಿದ ಅಂತ ಅದು ಹೇಳುತ್ತೆ. ಪಟ್ಟಂದೂರು ಅಗ್ರಹಾರ ಅಂದ್ರೆ ಐಟಿಪಿಎಲ್ ಇರೋ ಜಾಗ ಸ್ವಾಮಿ! ನಾವು ಮಧ್ಯಾಹ್ನ ಬಿರಿಯಾನಿ ಆರ್ಡರ್ ಮಾಡೋ ಜಾಗದಲ್ಲಿ ವೈಟ್ ಸಾಹೇಬರಿಗಿಂತ 839 ವರ್ಷ ಮೊದಲು ಯಾರೋ ತೂಬಿನ ಲೆಕ್ಕ ಹಾಕಿದ್ದರು. ತೂಬು ಇಟ್ಟರು ಅಂದ್ರೆ ಗದ್ದೆ ಇತ್ತು, ಗದ್ದೆ ಇತ್ತು ಅಂದ್ರೆ ನೀರಿನ ಜಗಳ ಇತ್ತು, ಜಗಳ ಇತ್ತು ಅಂದ್ರೆ ಊರಿತ್ತು. ‘ಪಾಳು’ ಅನ್ನೋದು ಕಂದಾಯ ಇಲಾಖೆಯ ಪದ. ಅಲ್ಲಿಂದ ಸರ್ಕಾರಕ್ಕೆ ದುಡ್ಡು ಬರ್ತಿಲ್ಲ ಅಂತ ಅದರರ್ಥ, ಅಲ್ಲಿ ಯಾರೂ ಇಲ್ಲ ಅಂತ ಅಲ್ಲ. ದನ ಮೇಯಿಸೋರು, ಸೌದೆ ಆಯೋರು, ಹೆಣ ಹೂಳೋರು ಕಂದಾಯದ ಪುಸ್ತಕಕ್ಕೆ ಕಾಣಲ್ಲ. ಇತಿಹಾಸ ಬರೆಯೋರು ಆ ಪದವನ್ನು ಹಾಗೇ ಎತ್ತಿಕೊಂಡು, ಅದರ ಮೇಲೆ ಒಂದು ಸೂರ್ಯಾಸ್ತದ ಫೋಟೋ ಅಂಟಿಸ್ತಾರೆ.

ಇದು ನಮ್ಮೂರ ರೋಗ ಮಾತ್ರ ಅಲ್ಲ. ನಮ್ಮ ಟೀಮಿನಲ್ಲಿದ್ದ ಹುಡುಗಿಯೊಬ್ಬಳು ಕೆನಡಾದ ವಿಕ್ಟೋರಿಯಾಕ್ಕೆ ಹೋದಳು, ಶಾಂತ ಸಾಗರದ ದಂಡೆಯ ವ್ಯಾಂಕೂವರ್ ದ್ವೀಪ ಅದು. ರಜೆಗೆ ಬಂದಾಗ ಅಲ್ಲಿನ ಸ್ಥಳೀಯ ಇತಿಹಾಸದ ಒಂದು ಪುಸ್ತಿಕೆ ತಂದುಕೊಟ್ಟಳು. ಊರಿನ ಹೆಸರು ಬದಲಿಸಿದರೆ ವೈಟ್‌ಫೀಲ್ಡೇ! ಮೊದಲ ಚರ್ಚು, ಮೊದಲ ಶಾಲೆ, ಮೊದಲ ಹಸು. ಅಲ್ಲಿನ ನಿಜವಾದ ದಾಖಲೆ ಹುಡುಕಿ ಓದಿದಾಗ ತಲೆ ತಿರುಗಿತು. 1843ರಲ್ಲಿ ಹಡ್ಸನ್ಸ್ ಬೇ ಕಂಪನಿಯ ಜೇಮ್ಸ್ ಡಗ್ಲಸ್ ಅಲ್ಲಿ ಕೋಟೆ ಕಟ್ಟಿದ. 1849ರಲ್ಲಿ ಬ್ರಿಟಿಷ್ ಸರ್ಕಾರ ಇಡೀ ದ್ವೀಪವನ್ನು ಆ ಕಂಪನಿಗೆ ವರ್ಷಕ್ಕೆ ಏಳು ಶಿಲ್ಲಿಂಗ್ ಬಾಡಿಗೆಗೆ ಕೊಟ್ಟಿತು. ಕಂಪನಿ ಅದನ್ನು ಎಕರೆಗೆ ಒಂದು ಪೌಂಡಿನಂತೆ ವಲಸಿಗರಿಗೆ ಮಾರೋಕೆ ಕೂತಿತು. ಅಲ್ಲಿ ಮೊದಲಿಂದ ಇದ್ದವರ ಜೊತೆ 1850ರಿಂದ 1854ರವರೆಗೆ ಡಗ್ಲಸ್ 14 ಒಪ್ಪಂದ ಮಾಡಿಕೊಂಡ, ಕೊಟ್ಟದ್ದು ಕಂಬಳಿ ಲೆಕ್ಕದಲ್ಲಿ. ಮೊದಲ ಒಪ್ಪಂದಗಳಲ್ಲಿ ಮುಖಂಡರ ಗುರುತು ಹಾಕಿಸಿಕೊಂಡದ್ದು ಖಾಲಿ ಹಾಳೆಯ ಮೇಲೆ. ಒಕ್ಕಣೆ ಲಂಡನ್ನಿನಿಂದ ಆಮೇಲೆ ಬಂತು. ನಮ್ಮ ಕಡೆ ಸಾಹುಕಾರನ ಮನೇಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳೋದಕ್ಕೂ ಇದಕ್ಕೂ ಏನ್ರೀ ಫರಕು?

ಅದೇ ಕರಾವಳಿಯ ಸಾಲ್ಟ್ ಸ್ಪ್ರಿಂಗ್ ಅನ್ನೋ ಸಣ್ಣ ದ್ವೀಪಕ್ಕೆ 1859ರ ಸುಮಾರಿಗೆ ಬಂದ ಮೊದಲ ವಲಸಿಗರಲ್ಲಿ ಕ್ಯಾಲಿಫೋರ್ನಿಯಾದ ಕಪ್ಪು ಜನ ಇದ್ದರು. ಅಲ್ಲಿನ ಕಾನೂನಿಗೆ ಹೆದರಿ, ಮಾನದಿಂದ ಬದುಕೋಣ ಅಂತ ಬಂದವರು. ಒಂದು ಕಡೆ ಜಾಗ ಕಳೆದುಕೊಂಡವರು ಇನ್ನೊಬ್ಬರ ಜಾಗದಲ್ಲಿ ಹೊಸ ಊರು ಕಟ್ಟೋದು. ಯುರೇಷಿಯನ್ನರ ಕಥೆಯೂ ಇದೇ. ನೊಂದವರು ಅನ್ನೋದೂ ನಿಜ, ಬಂದು ಕೂತವರು ಅನ್ನೋದೂ ನಿಜ. ವಲಸೆಯ ಕಥೆ ಬರೆಯೋರು ಈ ಎರಡನ್ನೂ ಒಂದೇ ಪುಟದಲ್ಲಿ ಇಡೋಕೆ ಯಾಕೆ ಇಷ್ಟು ಒದ್ದಾಡ್ತಾರೋ.

ನಾನು ದೇವದುರ್ಗ ತಾಲ್ಲೂಕು ಗಬ್ಬೂರಿನವನು. ಆ ಕಡೆ ಹೋಗಿಲ್ಲದವರಿಗೆ ಹೇಳೋದಾದ್ರೆ, ರಾಯಚೂರಿಂದ ದೇವದುರ್ಗಕ್ಕೆ ಹೋಗೋ ದಾರಿಯಲ್ಲಿ, ಎರೆಭೂಮಿ ನಡುವೆ ಇರೋ ಊರು. ಮಲೆ ಶಂಕರನ ಗುಡಿ, ಏಳು ಬಾವಿ ಬಸವಣ್ಣನ ಗುಡಿ, ಬೂದಿ ಬಸವೇಶ್ವರ ಮಠ, ಎಲ್ಲಿ ನೋಡಿದರೂ ಕಲ್ಲು, ಶಾಸನ. ಯಾರಾದ್ರೂ ಬಂದು ಇದು ಖಾಲಿ ಜಾಗ ಅಂದರೆ ಕಲ್ಲೇ ಎದ್ದು ಬಂದು ಬಡೀಬೇಕು, ಅಷ್ಟಿವೆ. ಹಾಗಿದ್ದೂ ನಮ್ಮ ಜಿಲ್ಲೆಗೂ ಈ ಥರದ ಕಥೆಯ ಚಟ ಇದೆ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ‘ಕಂಡುಹಿಡಿದ’ ಅಂತ ಶಾಲೇಲಿ ಓದಿಸಿದರು. ಓದೋಕೆ ಬರೋರಿಗೆ ಮುಟ್ಟಿಸಿದ, ಅದು ದೊಡ್ಡ ಕೆಲಸವೇ, ಬೇಡ ಅನ್ನಲ್ಲ. ಆದರೆ ಆ ಬಂಡೆ ಪಕ್ಕ ಕುರಿ ಕಾಯ್ದವರಿಗೆ ಅದು ಕಾಣದೇ ಹೋಗಿತ್ತೇ?

ಕೃಷ್ಣೆ ದಾಟಿದರೆ ಸುರಪುರ. ಅಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ ಹದಿನೈದರ ವಯಸ್ಸಿಗೆ ಹಿಂದುಸ್ತಾನಕ್ಕೆ ಬಂದು, ನಿಜಾಮನ ನೌಕರಿ ಸೇರಿ, 1841ರಿಂದ ಹತ್ತು ಹನ್ನೆರಡು ವರ್ಷ ಸುರಪುರದ ಆಡಳಿತ ನೋಡಿಕೊಂಡವನು. ಅವನು ಸತ್ತ ಮರುವರ್ಷ, 1877ರಲ್ಲಿ, ಮಗಳು ಅವನ ಆತ್ಮಕಥೆ ಹೊರತಂದಳು. ಅದರ ಮೇಲೆ ನನಗೆ ಸಿಟ್ಟು ಬೇಕಾದಷ್ಟಿದೆ. ಬಾಲರಾಜ ವೆಂಕಟಪ್ಪ ನಾಯಕ ತನ್ನನ್ನು ‘ಅಪ್ಪಾ’ ಅಂತ ಕರೀತಿದ್ದ ಅನ್ನೋದನ್ನು ಹೇಳಿಕೊಂಡು ಮುಗಿಯಲ್ಲ. ರಾಣಿ ಈಶ್ವರಮ್ಮ ಅವನ ಕಣ್ಣಿಗೆ ಬರೀ ಕುತಂತ್ರಿ. ಅದೇ ಬಾಲರಾಜ ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿ ಬಿದ್ದಾಗ ಅದನ್ನು ಹಾದಿತಪ್ಪಿದ ಮಗನ ಕಥೆ ಥರ ಬರೀತಾನೆ. ಇಷ್ಟಾದರೂ ಇವತ್ತಿನ ರೀಲುಗಳ ಪಕ್ಕದಲ್ಲಿಟ್ಟು ಓದಿದರೆ ಟೇಲರ್ ಗೆಲ್ತಾನೆ. ಯಾಕಂದ್ರೆ ಅವನ ಸುರಪುರ ಖಾಲಿ ಅಲ್ಲ. ಬೇಡರ ದಂಡಿದೆ, ಕಂದಾಯದ ರಗಳೆ ಇದೆ, ರೈತರಿದ್ದಾರೆ. ಹೊಲದ ನಡುವಿನ ಬೃಹತ್ ಶಿಲಾ ಗೋರಿಗಳನ್ನು ನೋಡಿ, ಅಳೆದು, ಬರೆದಿಟ್ಟ. ತನಗಿಂತ ಎರಡು ಮೂರು ಸಾವಿರ ವರ್ಷ ಮೊದಲೇ ಇಲ್ಲಿ ಜನ ಬಾಳಿ ಸತ್ತಿದ್ದಾರೆ ಅನ್ನೋದು ಅವನ ತಲೆಯಲ್ಲಿತ್ತು. ಆಳೋಕೆ ಬಂದವನಿಗೆ ಎದುರಿಗೆ ಯಾರಿದ್ದಾರೆ ಅಂತ ಗೊತ್ತಿರಲೇಬೇಕು. ನಡಿಗೆ ಟಿಕೆಟ್ ಮಾರೋರಿಗೆ ಆ ಅಗತ್ಯ ಇಲ್ಲ.

ಆದರೆ ನನ್ನನ್ನು ಈ ವಿಷಯಕ್ಕೆ ಎಳೆದದ್ದು ಸಾಹೇಬರಲ್ಲ, ಕ್ಯಾಂಪು.

ಮಾನ್ವಿ, ಸಿಂಧನೂರು, ಗಂಗಾವತಿ ಕಡೆ ಬಸ್ಸಿನಲ್ಲಿ ಹೋದರೆ ಊರಿನ ಹೆಸರಿನ ಹಿಂದೆ ‘ಕ್ಯಾಂಪ್’ ಅಂತ ಅಂಟಿಕೊಂಡಿರೋದು ಸಾಲಾಗಿ ಸಿಗುತ್ತೆ. ನೆಟ್ಟಗಿನ ಬೀದಿ, ರಾಮಾಲಯ, ಕೆಲವು ಕಡೆ ಚರ್ಚು, ಅಕ್ಕಿ ಗಿರಣಿ, ತೆಲುಗು ಸಿನಿಮಾದ ಫ್ಲೆಕ್ಸು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆ 227 ಕಿಲೋಮೀಟರ್, ರಾಯಚೂರಿನ ತನಕ. ನೀರಿನ ಹಿಂದೆಯೇ ಕರಾವಳಿ ಆಂಧ್ರದ ಕೃಷ್ಣಾ, ಗೋದಾವರಿ, ಗುಂಟೂರು ಸೀಮೆಯ ರೈತರು ಬಂದರು. ಅಲ್ಲಿ ಒಂದು ಎಕರೆ ಮಾರಿ ಇಲ್ಲಿ ಎಷ್ಟೋ ಎಕರೆ ಕೊಂಡರು. ಭತ್ತ ಅವರಿಗೆ ಕೈಯೊಳಗಿನ ವಿದ್ಯೆ. ನಮ್ಮವರಿಗೆ ಜೋಳ, ಹತ್ತಿ, ಶೇಂಗಾ ಗೊತ್ತು, ನಿಂತ ನೀರಲ್ಲಿ ಬೆಳೆ ತೆಗೆಯೋದು ಗೊತ್ತಿರಲಿಲ್ಲ.

ಕ್ಯಾಂಪಿನ ಹಿರಿಯರನ್ನು ಕೇಳಿ. ಕಥೆ ಥೇಟ್ ವೈಟ್‌ಫೀಲ್ಡಿನದ್ದೇ. ನಾವು ಬಂದಾಗ ಇಲ್ಲಿ ಏನಿತ್ತು? ಜಾಲಿ ಗಿಡ, ಹಾವು, ಚೇಳು. ಗುಡಿಸಲಲ್ಲಿ ಮಲಗಿ ನೆಲ ಮಟ್ಟ ಮಾಡಿದೆವು, ಬಂಗಾರ ಮಾಡಿದೆವು. ಈ ಮಾತಿನಲ್ಲಿ ಸುಳ್ಳಿಲ್ಲ. ಎರೆ ನೆಲವನ್ನು ಮಡಿ ಮಾಡೋದು ಏನು ಅಂತ ಮಣ್ಣು ಮೆತ್ತಿಕೊಂಡವರಿಗೆ ಗೊತ್ತು. ಆ ತಲೆಮಾರಿನ ಹೆಂಗಸರು ಭಾಷೆ ಬರದ ಊರಲ್ಲಿ, ಹತ್ತಿರದಲ್ಲಿ ದವಾಖಾನೆ ಇಲ್ಲದೆ ಮಕ್ಕಳನ್ನು ಹೆತ್ತಿದ್ದಾರೆ. ಅದನ್ನು ಯಾರೂ ಬರೆದಿಡ್ತಿಲ್ಲ, ಬರೀಬೇಕು.

ಮಾನ್ವಿ ತಾಲ್ಲೂಕಿನ ಕಾಲುವೆ ಪಕ್ಕದ ನಮ್ಮ ಸೋದರಮಾವನ ಎದುರಿಗೆ ಈ ಕಥೆ ಹೇಳಿದರೆ ಎಲೆ ಅಡಿಕೆ ಉಗುಳಿ ಎದ್ದು ಕೂಡ್ತಾರೆ. “ಹೊಲ ಹಾಳ ಬಿದ್ದಿತ್ತಂತ ಯಾವಾತ ಅಂದಾನ? ಬಿಳಿಜ್ವಾಳ ಬೆಳೀತಿದ್ವಿ ನಾವು. ನೀರಿದ್ದಿಲ್ಲ, ಅಷ್ಟ. ನೀರು ಸರ್ಕಾರದ್ದು, ಕಾಲುವಿ ಸರ್ಕಾರದ್ದು. ಅವರತ್ರ ರೊಕ್ಕ ಇತ್ತು, ನಮ್ಮತ್ರ ಸಾಲ ಇತ್ತು. ಮಾರಿದ್ವಿ. ಮಾರಿದ ಹೊಲದಾಗ ಕೂಲಿಗೆ ಹೋದ್ವಿ.”

ನಾನು ಓದಿದ ಯಾವ ಪರಂಪರೆ ಪುಸ್ತಕದಲ್ಲೂ ಇಷ್ಟು ಚುರುಕಾದ ವಿಮರ್ಶೆ ಇಲ್ಲ. ಮಾವ ನಾಲ್ಕು ಮಾತಿನಲ್ಲಿ ಮುಟ್ಟಿಸಿದ್ದನ್ನು ಡಚ್ ವಿದ್ವಾಂಸ ಪೀಟರ್ ಮೊಲ್ಲಿಂಗಾ ಒಂದು ದಪ್ಪ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ‘ಆನ್ ದ ವಾಟರ್‌ಫ್ರಂಟ್’ ಅಂತ ಅದರ ಹೆಸರು, ಇದೇ ಎಡದಂಡೆ ಕಾಲುವೆಯ ಮೇಲೆಯೇ ಇದೆ. ತೂಬಿನ ಅಳತೆ, ಯಾರು ಯಾವಾಗ ಗೇಟು ಎತ್ತುತ್ತಾರೆ, ಎಂಜಿನಿಯರಿಗೂ ಪುಢಾರಿಗೂ ಏನು ಮಾತುಕತೆ, ಎಲ್ಲ ಇದೆ. ಓದೋಕೆ ರೀಲಿನಷ್ಟು ಹಗುರ ಅಲ್ಲ. ಆದರೆ ಓದಿದ ಮೇಲೆ ಗೊತ್ತಾಗುತ್ತೆ, ಈ ಕಾಲುವೆಯನ್ನು ಬರಗಾಲ ತಡೆಯೋಕೆ ಅಂತ, ಹೆಚ್ಚು ಜಮೀನಿಗೆ ತೆಳ್ಳಗೆ ನೀರು ಹಂಚೋ ಲೆಕ್ಕದಲ್ಲಿ ಮಾಡಿದ್ದರು. ಬಹುಪಾಲು ಜಮೀನಿಗೆ ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆ ಅಂತ ಗೊತ್ತುಮಾಡಿದ್ದರು. ಮೇಲಿನವರು ಭತ್ತ ಹಾಕಿದ ಮೇಲೆ ಆ ಲೆಕ್ಕ ಕಾಗದದಲ್ಲಿ ಉಳಿಯಿತು. ಹಾಕಿದವರಲ್ಲಿ ವಲಸಿಗರು ಮಾತ್ರ ಇಲ್ಲ, ನಮ್ಮವರೂ ನೋಡಿ ಕಲಿತರು. ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ರೈತರು ಇವತ್ತಿಗೂ ನೀರಿಗಾಗಿ ರಸ್ತೆ ತಡೀತಾರೆ. ಮೇಲಿನ ಕೆಲವು ಹೊಲಗಳು ನೀರು ಹೆಚ್ಚಾಗಿ ಸವಳು ಹತ್ತಿವೆ. ಕೆಳಗೆ ಕುಡಿಯೋಕಿಲ್ಲ, ಮೇಲೆ ಹೊಲಕ್ಕೆ ಅಜೀರ್ಣ. ಇನ್ನು ಅಣೆಕಟ್ಟಿನ ಹಿನ್ನೀರಿಗೆ ಹೋದ ಸುಮಾರು 90 ಹಳ್ಳಿಗಳಿಗಂತೂ ಈ ಕಥೆಯಲ್ಲಿ ಬ್ರ್ಯಾಕೆಟ್ಟೂ ಸಿಗಲಿಲ್ಲ.

ಯಾರನ್ನೋ ಓಡಿಸಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಕ್ಯಾಂಪಿನ ಮೂರನೇ ತಲೆಮಾರು ನಮ್ಮ ಜೊತೆ ಓದಿದವರು, ನನಗಿಂತ ಚೆನ್ನಾಗಿ ವಚನ ಹೇಳೋರು ಅವರಲ್ಲಿದ್ದಾರೆ. ನನ್ನ ಜಗಳ ವಾಕ್ಯದ ಜೊತೆ. ‘ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ’ ಅನ್ನೋ ವಾಕ್ಯ ಎಲ್ಲಿ ಕಂಡರೂ ಅದರ ಹಿಂದೆ ಮೂರು ಪ್ರಶ್ನೆ ಹಾಕಿ ನೋಡಿ. ಜಮೀನಿನ ಕಾಗದ ಯಾರ ಹೆಸರಲ್ಲಿತ್ತು? ನೀರಿಗೆ ಅಥವಾ ರಸ್ತೆಗೆ ದುಡ್ಡು ಯಾರು ಹಾಕಿದ್ರು? ಮೊದಲ ವರ್ಷದ ಕೂಲಿ ಯಾರು ಮಾಡಿದ್ರು? ಒಳ್ಳೆಯ ಸ್ಥಳೀಯ ಇತಿಹಾಸ ಈ ಮೂರಕ್ಕೂ ಹೆಸರು ಹಿಡಿದು ಉತ್ತರ ಹೇಳುತ್ತೆ. ಕೆಟ್ಟದ್ದು ಚರ್ಚಿಲ್‌ನನ್ನು ಕರಕೊಂಡು ಬರುತ್ತೆ.

ಈಗ ಅದೇ ಮೂರು ಪ್ರಶ್ನೆ ತಗೊಂಡು ವಾಪಸ್ ವೈಟ್‌ಫೀಲ್ಡಿಗೆ ಬನ್ನಿ.

2002ರ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಪಟ್ಟಿ ಮಾಡಿತು, ಅದರಲ್ಲಿ ನಮ್ಮ ದೇವದುರ್ಗವೂ ಇತ್ತು. ನಾರಾಯಣಪುರದ ಬಲದಂಡೆ ಕಾಲುವೆ ಆ ಕಡೆಗೂ ಬಂದಿದೆ, ಬಂದ ಕಡೆ ಹೊಲದ ಬಣ್ಣ ಬದಲಾಗಿದೆ. ಬರದ ಕಡೆಯವರು ಸುಗ್ಗಿ ಮುಗಿಸಿ ಮನೆಗೆ ಬೀಗ ಹಾಕ್ತಾರೆ. ನಮ್ಮಲ್ಲಿ ಅದಕ್ಕೆ ‘ಗುಳೆ’ ಅಂತಾರೆ, ‘ದುಡಿಯಾಕ ಹೋಗ್ಯಾರ’ ಅಂತಾರೆ. ಮೊದಲೆಲ್ಲ ಪುಣೆ, ಮುಂಬಯಿ, ಹೈದರಾಬಾದು. ಐಟಿಪಿಎಲ್ ಎದ್ದ ಮೇಲೆ ಬೆಂಗಳೂರು. ನೀವು ಕೂತಿರೋ ಟವರಿನ ಅಡಿಪಾಯಕ್ಕೆ ಕಾಂಕ್ರೀಟ್ ಹೊತ್ತವರಲ್ಲಿ ನಮ್ಮ ಸೀಮೆಯವರಿದ್ದಾರೆ. ನಾನು ಎಸಿ ಬಸ್ಸಿನಲ್ಲಿ ಬಂದೆ, ಅವರು ಸರ್ಕಾರಿ ಕೆಂಪು ಬಸ್ಸಿನಲ್ಲಿ ಗಂಟು ಮೂಟೆ, ಕೋಳಿ ಸಮೇತ ಬಂದರು. ವ್ಯತ್ಯಾಸ ಇಂಗ್ಲಿಷ್ ಮೀಡಿಯಂ ಅಷ್ಟೇ.

ತೂಬರಹಳ್ಳಿ, ಮುನ್ನೇಕೊಳಾಲು, ಕುಂದಲಹಳ್ಳಿ ಸುತ್ತ ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ಡು, ನೀಲಿ ತಾಡಪಾಲು ಕಾಣುತ್ತಲ್ಲ, ಅದೂ ಒಂದು ವಸಾಹತು. ಸಮುದಾಯ ಜೀವನದ ಮೊದಲ ದಿನಗಳನ್ನು ನೋಡಬೇಕು ಅಂದ್ರೆ ನೂರು ವರ್ಷದ ಹಿಂದಿನ ಫೋಟೋ ಬೇಕಾಗಿಲ್ಲ, ಭಾನುವಾರ ಮಧ್ಯಾಹ್ನ ಅಲ್ಲಿಗೆ ಹೋದರೆ ಸಾಕು. ಜಾಗದ ಮಾಲೀಕನಿಗೆ ತಿಂಗಳ ಬಾಡಿಗೆ, ರಶೀದಿ ಇಲ್ಲ. ನೀರಿನ ಟ್ಯಾಂಕರ್ ಬಂದಾಗ ಕೊಡ ಹಿಡಿಯೋ ಪಾಳಿ. ಒಂದೊಂದು ಸಾಲು ಒಂದೊಂದು ಊರಿನವರದ್ದು. ಯಾರಾದ್ರೂ ಹೊಸಬರು ಬಂದರೆ ಮೊದಲು ಕೇಳೋದು “ಯಾವೂರು, ಯಾರ ಮನ್ಯಾಗಿನವರು” ಅಂತ. ಹಳಬರೊಬ್ಬರು ಮೇಸ್ತ್ರಿ, ಅವರೇ ಪಂಚಾಯ್ತಿ. ಬಾಣಂತಿಯರನ್ನು ಊರಿಗೆ ಕಳಿಸ್ತಾರೆ, ಮಕ್ಕಳ ಹೆಸರು ಊರ ಶಾಲೇಲಿ ಒಂದು ಕಡೆ, ಇಲ್ಲಿ ಇನ್ನೊಂದು ಕಡೆ. ಮೊಹರಂ ಬಂದರೆ ಶೆಡ್ಡೆಲ್ಲ ಖಾಲಿ. ನಮ್ಮ ಕಡೆ ಅಲಾಯಿ ದೇವರಿಗೆ ಹಿಂದೂ ಮುಸ್ಲಿಂ ಅಂತಿಲ್ಲ, ಊರಿಗೆ ಹೋಗಲೇಬೇಕು, ಅಲಾಯಿ ಕುಣಿಯಲೇಬೇಕು. ಆ ವಾರ ವೈಟ್‌ಫೀಲ್ಡಿನ ಕಟ್ಟಡಗಳ ಕೆಲಸ ನಿಧಾನ ಆಗೋದಕ್ಕೆ ಸೈಟ್ ಎಂಜಿನಿಯರುಗಳು ಬೇರೆ ಏನೇನೋ ಕಾರಣ ಬರೀತಾರೆ.

ಇವರ ಬಗ್ಗೆ ಬರಹ ಇಲ್ಲದೇ ಇಲ್ಲ, ಆದರೆ ಅದು ಬರೋದು ಶೆಡ್ಡು ಕೆಡವಿದಾಗ ಮಾತ್ರ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ‘ಅಕ್ರಮ ಬಾಂಗ್ಲಾದೇಶಿಗಳು’ ಅಂತ ಹೇಳಿ ಶೆಡ್ಡುಗಳನ್ನು ನೆಲಸಮ ಮಾಡಿದರು. ಆಧಾರ್ ಕಾರ್ಡು, ವೋಟರ್ ಕಾರ್ಡು ಹಿಡಿದು ಬೀದಿಗೆ ಬಂದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದವರೂ ಇದ್ದರು. ಕನ್ನಡದ ಮಣ್ಣಲ್ಲೇ, ಕನ್ನಡ ಮಾತಾಡ್ತಾ, ಹೊರದೇಶದವರು ಅನ್ನಿಸಿಕೊಂಡರು. ಇದರೊಳಗೊಂದು ವಿಚಿತ್ರ ಇದೆ ನೋಡಿ. ನಮ್ಮ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ಸರ್ಕಾರವೇ ಭೂಮಿ ಕೊಟ್ಟು ಕೂರಿಸಿ ಎಷ್ಟೋ ದಶಕ ಆಯಿತು. ಅವರ ಮೀನಿನ ಸಂತೆಗೆ ನಮ್ಮವರು ಹೋಗ್ತಾರೆ. ಒಬ್ಬರಿಗೆ ಕಾಗದ ಕೊಟ್ಟು ಊರು ಮಾಡಿಕೊಟ್ಟ ರಾಜ್ಯ, ತನ್ನದೇ ಜಿಲ್ಲೆಗಳಿಂದ ಬಂದವರ ಕಾಗದ ನೋಡದೇ ತಗಡು ಕಿತ್ತಿತು.

ವೈಟ್‌ಫೀಲ್ಡಿನ ಇತಿಹಾಸ ಬರೆಯೋ ಗೆಳೆಯರಿಗೆ ಇದನ್ನು ಹೇಳಿದರೆ, “ಗುರೂ, ಅದು ಸಾಮಾಜಿಕ ಸಮಸ್ಯೆ, ಇದು ಪರಂಪರೆ” ಅಂದರು. ಪರಂಪರೆ ಆಗೋಕೆ ಎಷ್ಟು ವರ್ಷ ಆಗಬೇಕು, ಮನೆಗೆ ಯಾವ ಹಂಚು ಹಾಕಿರಬೇಕು ಅಂತ ಕೇಳಿದೆ. ನಕ್ಕರು. ಅವರ ಮುಂದಿನ ನಡಿಗೆಯ ಪೋಸ್ಟರಿನಲ್ಲಿ ‘ಮೊದಲ ನಿವಾಸಿಗಳ ಹೆಜ್ಜೆಯಲ್ಲಿ’ ಅಂತಿದೆ. ಬೆಳಿಗ್ಗೆ ಆರೂವರೆಗೆ ಇನ್ನರ್ ಸರ್ಕಲ್ಲಿನಿಂದ ಹೊರಡುತ್ತೆ.

ಪಟ್ಟಂದೂರಿನ ಕೆರೆಗೆ ಹೋಗಲ್ಲವಂತೆ, ದಾರಿ ಕೆಟ್ಟಿದೆ. ಅದೇ ಆರೂವರೆಗೆ ತೂಬರಹಳ್ಳಿಯ ರಸ್ತೆ ಬದಿಯಲ್ಲಿ ನಮ್ಮೂರ ಕಡೆಯವರು ಬುತ್ತಿ ಗಂಟು ಹಿಡಿದು ಮೇಸ್ತ್ರಿಯ ಗಾಡಿಗೆ ಕಾಯ್ತಾ ನಿಂತಿರ್ತಾರೆ. ನಾನು ಈ ಸಲ ಟಿಕೆಟ್ ತಗೊಂಡಿಲ್ಲ. ಅಲ್ಲಿ ಒಬ್ಬರು ಅಜ್ಜ ಇದ್ದಾರೆ, 1998ರಲ್ಲಿ ಮೊದಲ ಸಲ ಬಂದವರು. ಯಾವ ಕಟ್ಟಡಕ್ಕೆ ಯಾವ ಊರವರು ಸ್ಲ್ಯಾಬ್ ಹಾಕಿದ್ದು ಅಂತ ಬೆರಳು ಮಾಡಿ ಹೇಳ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡ್ತೀನಿ ಅಂದಿದ್ದಕ್ಕೆ, “ಮಾಡಪಾ, ಆದ್ರ ಮಳಿ ಬಂದಿಂದ ಬಾ, ಈಗ ಕೆಲಸ ಐತಿ” ಅಂದಿದ್ದಾರೆ.